ಸಂಖ್ಯೆ ಕುಗ್ಗಿದರೆ ಮೊತ್ತ ನಿಲ್ಲುತ್ತದೆಯೇ?

ಪ್ರಶ್ನೆ: 1 + 1/2 + 1/3 + 1/4... ಎಂದು ಕೂಡುತ್ತ ಹೋದರೆ ಸೇರಿಸುವ ಸಂಖ್ಯೆ ಸೊನ್ನೆಯತ್ತ ಕುಗ್ಗುತ್ತದೆ. ಹಾಗಾದರೆ ಮೊತ್ತ ಎಲ್ಲೋ ಒಂದೆಡೆ ನಿಲ್ಲಲೇಬೇಕಲ್ಲವೇ? ಅದಕ್ಕೆ ಸಾಧನೆ ಯಾಕೆ?

ಉತ್ತರ: ನಿಲ್ಲುವುದಿಲ್ಲ. ಹತ್ತು ಲಕ್ಷ ಪದಗಳನ್ನು ಕೂಡಿದರೂ ಮೊತ್ತ 14.4ನ್ನು ಮುಟ್ಟದು, ಕಣ್ಣಿಗೆ ಅದು ನಿಂತಂತೆಯೇ ಕಾಣುತ್ತದೆ. ಆದರೆ 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ಪದಗಳನ್ನು ಗುಂಪು ಮಾಡಿ ನೋಡಿದ. 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಹೆಚ್ಚು, ಏಕೆಂದರೆ ಎರಡು ಕಾಲುಗಳೇ ಅರ್ಧ. 1/5ರಿಂದ 1/8ರವರೆಗಿನ ನಾಲ್ಕೂ ಸೇರಿ ಅರ್ಧಕ್ಕಿಂತ ಹೆಚ್ಚು. ಮುಂದಿನ ಎಂಟೂ ಹಾಗೆಯೇ. ಅರ್ಧಗಳಿಗೆ ಕೊನೆಯಿಲ್ಲದ ಮೇಲೆ ಮೊತ್ತಕ್ಕೂ ಮೇರೆಯಿಲ್ಲ. ಕಂಪ್ಯೂಟರಿನಲ್ಲಿ ಅದು ನಿಜಕ್ಕೂ ನಿಂತುಬಿಡುತ್ತದಲ್ಲ ಎನ್ನಬಹುದು. ಅಲ್ಲಿ ಅಂಕಿಗಳಿಗೆ ಜಾಗ ಕಡಿಮೆ. ತೀರ ಸಣ್ಣ ಪದ ಸೇರಿಸಿದಾಗ ಏನೂ ಬದಲಾಗದು. ಆ ಮಿತಿ ಯಂತ್ರದ್ದು, ಮೊತ್ತದ್ದಲ್ಲ.

ಹಾಗೆಂದು ಯಾವ ಮೊತ್ತವೂ ನಿಲ್ಲದೆಂದು ತಿಳಿಯಬೇಡಿ. ಛೇದಗಳನ್ನು ವರ್ಗ ಮಾಡಿ, 1 + 1/4 + 1/9 + 1/16... ಎಂದು ಕೂಡಿ. 1/4 ಎಂಬುದು 1 − 1/2ಕ್ಕಿಂತ ಚಿಕ್ಕದು, 1/9 ಎಂಬುದು 1/2 − 1/3ಕ್ಕಿಂತ ಚಿಕ್ಕದು. ಈ ವ್ಯತ್ಯಾಸಗಳನ್ನು ಕೂಡಿದರೆ ನಡುವಿನವೆಲ್ಲ ಹೊಡೆದುಹೋಗಿ 1ಕ್ಕಿಂತ ಕಡಿಮೆ ಉಳಿಯುತ್ತದೆ; ಮೊದಲ ಪದವಾದ 1 ಸೇರಿಸಿದರೂ ಮೊತ್ತ 2ನ್ನು ದಾಟಲಾರದು. ಏರುತ್ತಲೇ ಇದ್ದೂ ಮೇರೆ ಮೀರದ ಅನುಕ್ರಮಕ್ಕೆ ಮಿತಿ ಇದ್ದೇ ಇರುತ್ತದೆ. ನೈಜ ಸಂಖ್ಯೆಗಳ ಮೂಲ ಗುಣವೇ ಅದು. ಸಾಧನೆಯ ನಿಜವಾದ ಬಲ ನನಗೆ ಕಾಣುವುದು ಇಲ್ಲೇ: ಮಿತಿ ಎಷ್ಟೆಂದು ತಿಳಿಯದೆಯೂ ಅದು ಇದೆಯೆಂದು ಖಚಿತವಾಗಿ ಹೇಳಬಹುದು. ಈ ಮೊತ್ತದ ಬೆಲೆ ಪೈ ವರ್ಗದ ಆರನೇ ಒಂದು ಭಾಗ, ಸುಮಾರು 1.645, ಎಂದು ಗಣಿತಜ್ಞ ಆಯ್ಲರ್ ಕಂಡುಕೊಂಡದ್ದು 1730ರ ದಶಕದಲ್ಲಿ. ವರ್ಗದ ಬದಲು ಘನ ಹಾಕಿದರೂ ಮೊತ್ತ ನಿಲ್ಲುತ್ತದೆ. ಇದೇ ದಾರಿಯಲ್ಲಿ ನೀವೇ ಸಾಧಿಸಿ ನೋಡಿ.