ಅಜ್ಜಿಯ ಸಾಲು ಮಾತ್ರ ಖಾಲಿ

ನಮ್ಮನೇಲಿ 6 ಜನ. 2024ರ ಮೈಸೂರು ಯುವ ದಸರಾದಲ್ಲಿ 5 ರಾತ್ರಿ ಕಾರ್ಯಕ್ರಮ. ಆರು ಸಾಲು, ಐದು ಕಾಲಂ, ಒಟ್ಟು 30 ಚೌಕ. ಪಟ್ಟಿ ಹೊರಬಿದ್ದ ದಿನವೇ ಒಂದು ಗೂಗಲ್ ಶೀಟ್ ಮಾಡಿ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆ. "ಯಾರಿಗೆ ಯಾವ ದಿನ ಬೇಕೋ ಟಿಕ್ ಮಾಡಿ, ರಜಾ ನೋಡ್ಕೊಂಡು ಕಾರು ತರ್ತೀನಿ" ಅಂದೆ. ಸಾಫ್ಟ್‌ವೇರ್‌ನವರ ಚಟ ಇದು, ಮನೆ ಮಾತನ್ನೂ ಶೀಟಿಗೆ ಹಾಕದಿದ್ದರೆ ಸಮಾಧಾನ ಇಲ್ಲ.

ಪಟ್ಟಿ ನೆನಪಿದೆಯಲ್ಲ? ಅಕ್ಟೋಬರ್ 6ಕ್ಕೆ ಶ್ರೇಯಾ ಘೋಷಾಲ್, 7ಕ್ಕೆ ರವಿ ಬಸ್ರೂರು, 8ಕ್ಕೆ ಬಾದ್‌ಶಾ, 9ಕ್ಕೆ ಎ.ಆರ್. ರೆಹಮಾನ್, 10ಕ್ಕೆ ಇಳಯರಾಜ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೀತಿದ್ದ ಯುವ ದಸರಾ ಆ ವರ್ಷ ಊರಾಚೆ ಉತ್ತನಹಳ್ಳಿಗೆ ಹೋಗಿತ್ತು. ಗುಂಡ್ಲುಪೇಟೆಯವರಾದ ನಮಗೆ ಅದರಿಂದ ಲಾಭವೇ. ನಂಜನಗೂಡು ದಾಟಿ ಮೈಸೂರಿನ ಟ್ರಾಫಿಕ್ಕಿಗೆ ಸಿಗದೆ ರಿಂಗ್ ರಸ್ತೆ ಹಿಡಿದರಾಯ್ತು.

ಎರಡು ದಿನದಲ್ಲಿ ಟಿಕ್‌ಗಳು ಬಂದವು. ತಂಗಿಗೆ ಶ್ರೇಯಾ ಮತ್ತು ರೆಹಮಾನ್. ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಿರೋ ಚಿಕ್ಕಪ್ಪನ ಮಗನಿಗೆ ಬಾದ್‌ಶಾ, ಮತ್ತೆ 'ಕೆಜಿಎಫ್' ದೆಸೆಯಿಂದ ಬಸ್ರೂರು. ನನಗೆ ರೆಹಮಾನ್, ಇಳಯರಾಜ. ಅವ್ವನಿಗೆ ಶ್ರೇಯಾ ಒಬ್ಬರೇ. ಅಪ್ಪನಿಗೆ ಇಳಯರಾಜ ಒಬ್ಬರೇ, ಅದರ ಮುಂದೆ ಎರಡು ಟಿಕ್ ಒತ್ತಿದ್ದರು. ಅಜ್ಜಿಯ ಸಾಲು ಖಾಲಿ.

ಅಪ್ಪನ ಜೋಡಿ ಟಿಕ್ಕನ್ನು ಒಂದೇ ಅಂತ ಹಿಡಿದರೆ, 30 ಚೌಕದಲ್ಲಿ 8 ಟಿಕ್. ನೂರಕ್ಕೆ 27 ಕೂಡ ಇಲ್ಲ. ಇಷ್ಟು ದೊಡ್ಡ ಹೆಸರುಗಳನ್ನು ಹಾಕಿದ ಪಟ್ಟಿ ನಮ್ಮನೆ ಪರೀಕ್ಷೆಯಲ್ಲಿ ಫೇಲ್! ಮೊದಲು ನನಗೆ ಅನಿಸಿದ್ದು ಹಾಗೇ. ನಿಮಗೂ ಹೀಗೆ ಆಗಿರುತ್ತೆ. ಯಾವುದೋ ಉತ್ಸವದ ಪೋಸ್ಟರ್ ಫೋನಲ್ಲಿ ಬರುತ್ತೆ, ಎರಡು ಬೆರಳಲ್ಲಿ ಹಿಗ್ಗಿಸಿ ನೋಡ್ತೀರಿ, ಮೇಲಿನ ದಪ್ಪಕ್ಷರದಲ್ಲಿ ಒಂದು ಹೆಸರು ಗೊತ್ತು, ನಡುವೆ ಎಲ್ಲೋ ಇನ್ನೊಂದು, ಕೆಳಗಿನ ಇರುವೆ ಸಾಲಿನಂಥ ಅಕ್ಷರದಲ್ಲಿ ಯಾರೂ ಗೊತ್ತಿಲ್ಲ. "ಇದಕ್ಕೆ ಇಷ್ಟು ದುಡ್ಡಾ?" ಅಂತ ಗೊಣಗ್ತೀರಿ. 2016ರಿಂದ ಬೆಂಗಳೂರಲ್ಲಿ ನಡೀತಿರೋ 'ಎಕೋಸ್ ಆಫ್ ಅರ್ಥ್'ಗೆ ನಮ್ಮ ಟೀಮಿನ ಕೆಲವರು ಹೋಗ್ತಾರೆ. ಹೋಗೋ ಮೊದಲು ಅವರ ಗೊಣಗಾಟ ಇದೇ, ಬಂದ ಮೇಲೆ ಅವರ ಸ್ಟೇಟಸ್ಸಲ್ಲಿರೋದು ಆ ಇರುವೆ ಅಕ್ಷರದವರ ವಿಡಿಯೊ.

ಆದರೆ ಶೀಟನ್ನು ಅಡ್ಡ ಓದೋದು ಬಿಟ್ಟು ಉದ್ದಕ್ಕೆ ಓದಿದಾಗ ಬೇರೆಯದೇ ಕಾಣಿಸಿತು. ಯಾವ ರಾತ್ರಿಗೂ ಎರಡಕ್ಕಿಂತ ಹೆಚ್ಚು ಟಿಕ್ ಇಲ್ಲ, ಯಾವ ರಾತ್ರಿಯೂ ಖಾಲಿ ಇಲ್ಲ. ಐದು ದಿನವೂ ನನಗೆ ಹಿಡಿಸುವವರನ್ನೇ ಹಾಕಿದ್ದರೆ ಐದು ದಿನವೂ ನನ್ನಂಥವರೇ ಮೈದಾನ ತುಂಬಿಕೊಂಡಿರ್ತಿದ್ದರು, ಅವ್ವ ಅಪ್ಪ ಮನೇಲಿ ಟೀವಿ ಮುಂದೆ. ಎಲ್ಲರನ್ನೂ ಕರೆಯೋ ಹಬ್ಬದಲ್ಲಿ ಒಬ್ಬೊಬ್ಬರಿಗೆ ಸಿಗೋದು ಐದರಲ್ಲಿ ಒಂದು, ಹೆಚ್ಚೆಂದರೆ ಎರಡು ಪಾಲು. ಮದುವೆ ಊಟದ ಎಲೆಯಲ್ಲಿ ಬಡಿಸಿದ್ದೆಲ್ಲ ಯಾರು ತಿಂತಾರೆ? ಕೋಸಂಬರಿ ಮುಟ್ಟದವರೂ ಪಾಯಸಕ್ಕೆ ಕಾದಿರ್ತಾರೆ.

ಒಂದೇ ಬಗೆಯ ಸಂಗೀತದ ಹಬ್ಬದಲ್ಲೂ ಇದು ತಪ್ಪಿದ್ದಲ್ಲ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ 1939ರಿಂದ ನಡೀತಿದೆ. ನನ್ನ ಹಳೇ ರೂಮ್‌ಮೇಟ್ ಮೃದಂಗ ಕಲಿತವನು, ಒಂದೆರಡು ಸಲ ಎಳ್ಕೊಂಡು ಹೋಗಿದ್ದ. ಹಾಡು ಮುಗಿದು ತನಿ ಆವರ್ತನ ಶುರುವಾಯ್ತೋ ಇಲ್ವೋ, ನಮ್ಮ ಸಾಲಲ್ಲಿ ಅರ್ಧ ಜನ ಕಾಫಿಗೆ ಎದ್ದರು. ಅವನಿಗೆ ಮಾತ್ರ ಅಲ್ಲಿಂದಲೇ ಕಛೇರಿ ಶುರು. ಎದ್ದು ಹೋಗುವವರಿಗೆ ದಾರಿ ಬಿಡಲು ಕಾಲು ಮಡಚಿ ಮಡಚಿ ಅವನಿಗೆ ರೇಗಿಹೋಗಿತ್ತು.

ಇನ್ನು 1969ರ ವುಡ್‌ಸ್ಟಾಕ್. ಲಕ್ಷಗಟ್ಟಲೆ ಜನ ಸೇರಿದ್ದ ಆ ಉತ್ಸವದ ಕಡೇ ಕಲಾವಿದ ಜಿಮಿ ಹೆಂಡ್ರಿಕ್ಸ್. ಕಾರ್ಯಕ್ರಮ ಜಗ್ಗಿ ಜಗ್ಗಿ ಅವನು ವೇದಿಕೆಗೆ ಬರುವಾಗ ಸೋಮವಾರ ಬೆಳಗಾಗಿತ್ತು, ಬಹುಪಾಲು ಜನ ಊರ ದಾರಿ ಹಿಡಿದಿದ್ದರು. ಇವತ್ತು ಆ ಹಬ್ಬದ ಗುರುತು ಅಂತ ಎಲ್ಲರೂ ತೋರಿಸೋದು ಅವನ ಗಿಟಾರನ್ನೇ. ಭಾನುವಾರ ರಾತ್ರಿ ಗುಂಡ್ಲುಪೇಟೆ ಬಿಟ್ಟು ಸೋಮವಾರ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಕೂರುವ ನನಗೆ ಆ ಹೊರಟುಹೋದವರ ಮೇಲೆ ಕೋಪ ಬರಲ್ಲ.

ಸರಿ, ಲೆಕ್ಕ ಸಮಾಧಾನಕ್ಕೆ ಬಂತು. ಆದರೆ ಅಜ್ಜಿಯ ಸಾಲು? ಐದರಲ್ಲಿ ಒಂದು ಪಾಲು ಅನ್ನೋದು ನ್ಯಾಯವೇ, ಸೊನ್ನೆ ನ್ಯಾಯ ಅಲ್ಲವಲ್ಲ.

ಫೋನ್ ಮಾಡಿ ಹೆಸರುಗಳನ್ನು ಒಂದೊಂದಾಗಿ ಓದಿದೆ. ಅಜ್ಜಿ ಕೇಳಿಸ್ಕೊಂಡು, "ಇದರಲ್ಲಿ ನಂದ್ಯಾವ್ದು ಕೂಸು?" ಅಂದರು. ನಗುತ್ತಲೇ ಕೇಳಿದ್ದು. ಆಮೇಲೆ, "ಎಲ್ಲಿ ಅಂದೆ? ಉತ್ತನಳ್ಳಿಲಾ? ಮಾರಮ್ಮನ ಗುಡಿ ಹತ್ರನಾ? ಹಂಗಾರೆ ನಾನೂ ಬತ್ತೀನಿ" ಅಂದುಬಿಟ್ಟರು. ಉತ್ತನಹಳ್ಳಿ ಮಾರಮ್ಮ ನಮ್ಮ ಕಡೆಯವರ ಕತೆಯಲ್ಲಿ ಚಾಮುಂಡಿಯ ತಂಗಿ. ಅಜ್ಜಿಗೆ ಸಂಬಂಧಿಕರ ಮನೆ ಇದ್ದಂಗೆ.

ಹೋಗಲು ಆದದ್ದು 10ನೇ ತಾರೀಕು ಗುರುವಾರ ಒಂದೇ ದಿನ. ಬುಧವಾರ ರೆಹಮಾನ್ ಹಾಡುವ ಹೊತ್ತಿಗೆ ನಾನು ಬೆಂಗಳೂರಲ್ಲಿ ರಿಲೀಸ್ ಕಾಲ್‌ನಲ್ಲಿದ್ದೆ. ಗುರುವಾರ ಅಪ್ಪನಿಗೂ ಕೈತಪ್ಪೋದರಲ್ಲಿತ್ತು. ಮಾರನೇ ದಿನ ಆಯುಧಪೂಜೆ. ತೆರಕಣಾಂಬಿ ರಸ್ತೆಯಲ್ಲಿರೋ ನಮ್ಮ ಮುಕ್ಕಾಲು ಎಕರೆಯಲ್ಲಿ ಚೆಂಡು ಹೂವಿತ್ತು. ವರ್ಷದಲ್ಲಿ ಹೂವಿಗೆ ಬೆಲೆ ಬರೋದೇ ಅಂಥ ಎರಡು ಮೂರು ದಿನ. ರಾತ್ರಿ ಹೆಡ್‌ಲೈಟ್ ಹಾಕ್ಕೊಂಡು ಕುಯ್ದು, ಬೆಳಗಿನ ಜಾವ ಚಾಮರಾಜನಗರದ ಚೆನ್ನಿಪುರದಮೋಳೆ ಹೂವಿನ ಮಾರ್ಕೆಟ್ಟಿಗೆ ಮೂಟೆ ಹಾಕಿ ಬಂದವರು, ಮಧ್ಯಾಹ್ನ ಇನ್ನೊಂದು ಲೋಡು ಇದೆ ಅಂತ ಎದ್ದರು. ಅವ್ವ, "ಒಂದ್ ದಿನ ಹೂವು ಹೋದ್ರೆ ಹೋಗ್ಲಿ, ಇಳಯರಾಜ ಬತ್ತಾನಾ ಮತ್ತೆ?" ಅಂತ ಚಿಕ್ಕಪ್ಪನಿಗೆ ಲೋಡು ಒಪ್ಪಿಸಿದರು. ಟಿಕ್ ಒತ್ತದೇ ಇದ್ದ ದಿನಕ್ಕೆ ಅವ್ವ ವಾದ ಮಾಡಿದ್ದು ನನ್ನ ಶೀಟಿನಲ್ಲಿ ಎಲ್ಲೂ ದಾಖಲಾಗಿಲ್ಲ.

ಅಪ್ಪನಿಗೆ ಇಳಯರಾಜ ಯಾಕೆ ಅಷ್ಟು? ನಮ್ಮದು ಗಡಿ. ಅಪ್ಪ ಹುಡುಗರಾಗಿದ್ದಾಗ ರೇಡಿಯೊ ತಿರುಗಿಸಿದರೆ ಕನ್ನಡದ ಪಕ್ಕದಲ್ಲೇ ತಮಿಳು. ಜೊತೆಗೆ 'ಜನ್ಮ ಜನ್ಮದ ಅನುಬಂಧ', 'ಗೀತಾ', 'ಪಲ್ಲವಿ ಅನುಪಲ್ಲವಿ', ಮೂರೂ ಇಳಯರಾಜರವೇ, 1980ರಿಂದ 83ರ ಒಳಗೆ ಬಂದವು. ಅಪ್ಪನ ಪ್ರಾಯದ ವರ್ಷಗಳೂ ಅವೇ.

ಸಂಜೆ ಮಾರಮ್ಮನ ದರ್ಶನ ಮಾಡಿಸಿ, ಮೈದಾನದ ಹಿಂದಿನ ಉಚಿತ ಜಾಗದಲ್ಲಿ ಚಾಪೆ ಹಾಕಿದೆವು. ಮುಂದಿನ ಆಸನಗಳಿಗೆ ಟಿಕೆಟ್ಟು. ನಮಗೆ ವೇದಿಕೆ ಅಂದರೆ ದೂರದ ಎಲ್‌ಇಡಿ ಪರದೆ. ತಮ್ಮ ರೀಲ್ಸ್ ನೋಡ್ತಿದ್ದ, ತಂಗಿ ಚುರುಮುರಿ ಹುಡುಕಿಕೊಂಡು ಹೋದಳು. ಅಪ್ಪ ಎರಡು ರಾತ್ರಿ ನಿದ್ದೆ ಇಲ್ಲದ ಕಣ್ಣಲ್ಲಿ, ಬಾಯಲ್ಲೇ ಗುನುಗ್ತಾ, ಬೆರಳಿಗೆ ಹತ್ತಿದ ಚೆಂಡು ಹೂವಿನ ಹಳದಿ ಹೋಗದ ಕೈಯಲ್ಲಿ ಮಂಡಿ ಮೇಲೆ ತಾಳ ಹಾಕ್ತಿದ್ದರು. ಅವರು ಹಾಡೋದನ್ನು ನಾನು ಕೇಳಿದ್ದು ಅದೇ ಮೊದಲು. ಅವರ ಒಂದು ಟಿಕ್ಕಿಗೆ ಎರಡು ಗುರುತು ಯಾಕೆ ಬಿದ್ದಿತ್ತು ಅಂತ ಆಗ ತಿಳೀತು.

ಅಜ್ಜಿ ತುಂಬಾ ಹೊತ್ತು ತಾಳ್ಮೆಯಿಂದ ಕೂತಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾದಾಗ ನನ್ನ ತೋಳು ಜಗ್ಗಿ ಕೇಳಿದರು: "ಇವ್ರು ಕತೆ ಯಾವಾಗ ಹೇಳಾರು?"

ಅಜ್ಜಿಗೆ ಪದ ಅಂದರೆ ಕತೆ. ಅವರ ಅಣ್ಣ ಒಬ್ಬರು ನೀಲಗಾರರಾಗಿದ್ದರು. ಚಾಮರಾಜನಗರ ಸೀಮೆಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಿಲ್ಲ, ಬೇರೆಯವರಿಗೆ ಒಂದು ಮಾತು: ಮಾದಪ್ಪನ ಕಾವ್ಯವನ್ನು ಕಂಸಾಳೆ ಹಿಡಿದ ದೇವರಗುಡ್ಡರು ಹಾಡ್ತಾರೆ, ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ಹಾಡ್ತಾರೆ. ತಂಬೂರಿ, ಡಿಗ್ಗಿ, ಗಗ್ಗರ, ತಾಳ ಇಷ್ಟೇ ವಾದ್ಯ. ಕಾವ್ಯದ ಒಂದೊಂದು ಭಾಗಕ್ಕೆ 'ಸಾಲು' ಅಂತ ಹೆಸರು. ಶೀಟಿನ ಸಾಲು ಒಂದು ಗೆರೆಯದು. ಅಲ್ಲಿನ ಒಂದು ಸಾಲಿಗೆ ಇಡೀ ರಾತ್ರಿಯೇ ಬೇಕಾಗಬಹುದು. ಡಾ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ 'ಮಲೆಯ ಮಾದೇಶ್ವರ' 1973ರಲ್ಲಿ ಅಚ್ಚಾಯ್ತು. ಆ ದಪ್ಪ ಪುಸ್ತಕ ಕೈಗೆತ್ತಿಕೊಂಡವರಿಗೆ ಗೊತ್ತು, ಇದು ಒಂದು ಕೂರಿಕೆಯ ಬಾಬತ್ತಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸರ್ಕಾರಿ ವೇದಿಕೆಯಲ್ಲಿ (ಯಾವುದು ಅನ್ನೋದು ಬೇಡ) ನೀಲಗಾರರ ಮೇಳ ಇದೆ ಅಂತ ಅಜ್ಜಿಯನ್ನು ಕರ್ಕೊಂಡು ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿ ಹೆಸರಿತ್ತು. ಆ ಶೀಟ್ ಆಗ ಇದ್ದಿದ್ದರೆ ಅಜ್ಜಿ ಟಿಕ್ ಒತ್ತಿರ್ತಿದ್ದರು. ಮೇಳದವರು ತಂಬೂರಿ ಶ್ರುತಿ ಮಾಡಿ, ಗುರುವನ್ನು ನೆನೆದು, ಇನ್ನೇನು ಕತೆಗೆ ಕಾಲಿಡಬೇಕು, ನಿರೂಪಕಿ ಮೈಕಿಗೆ ಬಂದು "ಜೋರಾದ ಚಪ್ಪಾಳೆ" ಅಂದರು. ಗಣ್ಯರ ಕಾರು ಬಂದಿತ್ತು. ಕೈಗಡಿಯಾರ ನೋಡಿದೆ, ಹದಿನೈದು ನಿಮಿಷ ಆಗಿತ್ತು. ಅವರಿಗೆ ಶಾಲು ಹೊದಿಸಿದ್ದು ಕೂಡ ಅದರಲ್ಲೇ ಸೇರಿ. "ಬಾಗ್ಲು ತೆಗ್ದವ್ರಂಗೆ ಮಾಡಿ ಕದ ಹಾಕ್ಕಂಡ್ರಲ್ಲ" ಅಂತ ಅಜ್ಜಿ ಬಸ್ಸಲ್ಲಿ ಬರೋ ತನಕ ಬೈದರು. ಪಟ್ಟಿಯಲ್ಲಿ ಹೆಸರು ಇರೋದೇ ಬೇರೆ, ಪಾಲು ಸಿಗೋದೇ ಬೇರೆ ಅಂತ ನನಗೆ ಅವತ್ತು ಹೊಳೀಲಿಲ್ಲ. ಉತ್ತನಹಳ್ಳಿಯ ಚಾಪೆ ಮೇಲೆ ಹೊಳೀತು. ಇಳಯರಾಜರನ್ನು ಹದಿನೈದು ನಿಮಿಷಕ್ಕೆ ಇಳಿಸಿದ್ದರೆ ಅಪ್ಪ ಹೂವಿನ ಲೋಡು ಬಿಟ್ಟು ಬಂದದ್ದಕ್ಕೆ ಏನು ಬೆಲೆ?

ಹಾಗಾಗಿ 2025ರ ಜನವರಿ 13ಕ್ಕೆ, ಹುಣ್ಣಿಮೆ ಸೋಮವಾರ, ಅಜ್ಜಿ ಮತ್ತು ನಾನು ಇಬ್ಬರೇ ಚಿಕ್ಕಲ್ಲೂರು ಜಾತ್ರೆಗೆ ಹೋದೆವು. ಮಾರನೇ ದಿನ ಸಂಕ್ರಾಂತಿ ರಜೆ. ಚಾಮರಾಜನಗರ, ಸಂತೆಮರಹಳ್ಳಿ, ಯಳಂದೂರು, ಕೊಳ್ಳೇಗಾಲ ದಾಟಿ ಸಿದ್ಧಪ್ಪಾಜಿಯ ಗದ್ದುಗೆ. ಐದು ದಿನದ ಜಾತ್ರೆಯ ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಬಟ್ಟೆಯಲ್ಲಿ ಕಟ್ಟಿದ್ದಕ್ಕೆ ಬೆಂಕಿ ಇಟ್ಟಾಗ ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯುತ್ತೋ ಆ ಕಡೆ ಮಳೆ ಬೆಳೆ ಚೆನ್ನ ಅಂತ ನಂಬಿಕೆ. ಅಜ್ಜಿ ಕುತ್ತಿಗೆ ಉದ್ದ ಮಾಡಿ ಗುಂಡ್ಲುಪೇಟೆ ದಿಕ್ಕು ಯಾವುದು ಅಂತ ನನ್ನ ಫೋನಿನ ಮ್ಯಾಪಲ್ಲಿ ಕೇಳಿದರು.

ಆಮೇಲೆ ಹಾಡು. ಇಲ್ಲಿ ಪೋಸ್ಟರ್ ಇಲ್ಲ, ಯಾರು ಎಷ್ಟು ಹೊತ್ತಿಗೆ ಅಂತ ಇಲ್ಲ. ಬಿಡಾರಗಳ ನಡುವೆ ಅಲ್ಲೊಂದು ಇಲ್ಲೊಂದು ಕಂಡಾಯದ ಮುಂದೆ ಕೂತು ಹಾಡ್ತಾರೆ. ಹಿಡಿಸಿದರೆ ಕೂರು, ಇಲ್ಲದಿದ್ದರೆ ಮುಂದಿನ ಗುಂಪಿಗೆ ನಡಿ. ಅಜ್ಜಿ ಮೂರು ಕಡೆ ನಿಂತು ಕೇಳಿ, "ಇವ್ನು ಅವಸರದವ್ನು", "ಇವ್ನಿಗೆ ಗಂಟ್ಲದೆ, ಕತೆ ಇಲ್ಲ" ಅಂತ ತೀರ್ಪು ಕೊಟ್ಟು ನಾಲ್ಕನೆಯ ಕಡೆ ಶಾಲು ಹಾಸಿ ಕೂತರು. ನಮ್ಮ ಆ್ಯಪ್‌ನಲ್ಲಿ ಹಾಡು ಸ್ಕಿಪ್ ಮಾಡೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಅನಿಸಿತು. ಆದರೆ ಒಮ್ಮೆ ಕೂತ ಮೇಲೆ ಅವರು ಬೆಳಕು ಹರಿಯೋ ತನಕ ಏಳಲಿಲ್ಲ.

ನಾನೋ? ಪ್ರಾಮಾಣಿಕವಾಗಿ ಹೇಳ್ತೀನಿ. ಮೊದಲ ಗಂಟೆ ಒಂದಕ್ಷರ ತಲೆಗೆ ಹೋಗಲಿಲ್ಲ. ಚಳಿ. ಎರಡು ಸಲ ಟೀ ಕುಡಿದು ಬಂದೆ, ಒಂದು ಸಲ ಕಾರಲ್ಲಿ ಮಲಗಿ ಬಂದೆ. ಮೂರು ಗಂಟೆ ಮೇಲೆ ಇರಬೇಕು, ಸಿದ್ಧಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷಕ್ಕೆ ಹೋಗೋ ಭಾಗ ಬಂತು. ಆಚಾರಿಗಳು ಅವನನ್ನು ಪರೀಕ್ಷೆಗೆ ಒಡ್ಡೋ ಕಡೆ ಹಾಡುಗಾರ ತಂಬೂರಿ ನಿಲ್ಲಿಸಿ, ಪಕ್ಕದವನ ಹತ್ತಿರ ಸುಮ್ಮನೆ ಮನೆಮಾತು ಆಡೋ ಹಾಗೆ ಮಾತಾಡಿ, ಮತ್ತೆ ಒಮ್ಮೆಲೇ ಪದಕ್ಕೆ ಎತ್ತಿದ. ನನ್ನ ಕೈಯಲ್ಲಿದ್ದ ಫೋನು ಯಾವಾಗ ಜೇಬಿಗೆ ಹೋಯ್ತೋ ಗೊತ್ತಿಲ್ಲ.

ಬೆಳಿಗ್ಗೆ ಕಾರು ಹತ್ತುವಾಗ ಅಜ್ಜಿ ಕೇಳಿದರು. "ಎಷ್ಟ್ ಕೇಳ್ದೆ?"

"ಒಂದ್ ಸಾಲು ಅಜ್ಜಿ. ಅದೂ ಪೂರ್ತಿ ಅಲ್ಲ."

"ಸಾಕು ಬುಡು. ನಾನು ನಿಮ್ಮಪ್ಪನ ಇಳಯರಾಜನ್ದ ಅಷ್ಟೂ ಕೇಳ್ನಿಲ್ಲ" ಅಂದು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. ಸಂತೆಮರಹಳ್ಳಿಯಲ್ಲಿ ಟೀಗೆ ನಿಲ್ಲಿಸಿದಾಗ ಎಬ್ಬಿಸಲು ಮನಸ್ಸಾಗಲಿಲ್ಲ. ಹಳೇ ಶೀಟ್ ತೆಗೆದು ಆರನೇ ಕಾಲಂ ಸೇರಿಸಿ 'ಚಿಕ್ಕಲ್ಲೂರು' ಅಂತ ಬರೆದು, ಅಜ್ಜಿಯ ಹೆಸರಿನ ಮುಂದೆ ಟಿಕ್ ಹಾಕಿದೆ. ಅರ್ಧ ಗಂಟೆಯಲ್ಲಿ ನೋಡಿದರೆ ಅಪ್ಪನ ಸಾಲಿನಲ್ಲೂ ಒಂದು ಬಿದ್ದಿತ್ತು.