ಮಗ್ಗದ ಸದ್ದು, ದುಡಿಯುವವರ ಮನಸ್ಸು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಹತ್ತಿಯೂ ನೇಯ್ಗೆಯೂ ಬಹುಕಾಲದಿಂದ ಜನರ ಜೀವನಾಧಾರಗಳು. ರಾಮದುರ್ಗದ ನೇಕಾರರ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಖಟಖಟ ಶಬ್ದವು ದಾರಿಹೋಕರ ಕಿವಿಗೆ ಕ್ಷಣಕಾಲ ಬೀಳುವುದು. ಒಳಗೆ ದುಡಿಯುವವರಿಗಾದರೋ ಅದು ದಿನವಿಡೀ ತಪ್ಪದು. ಇಂಥ ಸದ್ದಿನಿಂದ ಕಿವಿ ಮಂದವಾಗುವುದೆಂಬುದನ್ನು ಎಲ್ಲರೂ ಬಲ್ಲರು. ಅದು ಮನಸ್ಸನ್ನೂ ಬಳಲಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಮಗ್ಗದಲ್ಲಿ ದಂಡವೊಂದು ಲಾಳಿಯನ್ನು ಹೊಡೆದು ಆಚೆಗೆ ಕಳುಹುವುದು. ಲಾಳಿಯು ಎದುರಿನ ಪೆಟ್ಟಿಗೆಗೆ ಅಪ್ಪಳಿಸಿ ನಿಲ್ಲುವುದು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಹೀಗಾಗುವುದರಿಂದ ಶಬ್ದಕ್ಕೆ ಬಿಡುವೇ ಇಲ್ಲ. ಶಬ್ದವನ್ನು ಅಳೆಯುವ ಮಾನವು ಡೆಸಿಬೆಲ್. ಈ ಮಾನದಲ್ಲಿ 10 ಅಂಕ ಏರಿದರೆ ಶಬ್ದದ ತೀವ್ರತೆಯು 10 ಪಟ್ಟಾಗುವುದು. ಸಾಧಾರಣ ಸಂಭಾಷಣೆಯು ಸುಮಾರು 60 ಡೆಸಿಬೆಲ್. 90 ಡೆಸಿಬೆಲ್ ಎಂದರೆ ಅದರ ಸಾವಿರ ಪಟ್ಟು ತೀವ್ರತೆ. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬೆಲ್ ಮೀರಿದ ಸದ್ದಿನಲ್ಲಿರುವುದು ಕಿವಿಗೆ ಅಪಾಯಕರ. ತಲಾ 85 ಡೆಸಿಬೆಲ್ ಸದ್ದು ಮಾಡುವ 10 ಮಗ್ಗಗಳು ಒಂದೇ ಕೋಣೆಯಲ್ಲಿ ನಡೆದರೆ ಒಟ್ಟು ಮಟ್ಟವು ಸುಮಾರು 95ಕ್ಕೇರುವುದು.

ಜೋರಾದ ಸದ್ದನ್ನು ನಮ್ಮ ಶರೀರವು ಅಪಾಯದ ಸೂಚನೆಯೆಂದು ಗ್ರಹಿಸುವುದು. ಆಗ ಅಡ್ರಿನಲಿನ್ ಮೊದಲಾದ ರಸಗಳು ರಕ್ತಕ್ಕೆ ಸೇರಿ, ಹೃದಯದ ಬಡಿತವೂ ರಕ್ತದೊತ್ತಡವೂ ಹೆಚ್ಚುವುವು. ಗಂಟೆಗಟ್ಟಲೆ ಈ ಸ್ಥಿತಿ ಮುಂದುವರಿದರೆ ಆಯಾಸ, ಸಿಡುಕು, ನಿದ್ರಾಭಂಗಗಳು ತಲೆದೋರುವುವು. ಇನ್ನೊಂದು ಹಾನಿಯು ಕಣ್ಣಿಗೆ ಕಾಣದು. ಆ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು. ಹತ್ತು ಜನರ ನಡುವೆ ಇದ್ದರೂ ನೇಕಾರನು ಒಂಟಿ. ನೂಲಿನ ಬೆಲೆ, ಕೂಲಿ, ಸಾಲಗಳ ಚಿಂತೆಯೂ ಇದರ ಜೊತೆಗೆ ಸೇರಿದರೆ ಅದನ್ನು ಹಂಚಿಕೊಳ್ಳಲು ಅವನಿಗೆ ಎಡೆಯಿಲ್ಲ.

ಪರಿಹಾರವು ಕಷ್ಟಸಾಧ್ಯವಲ್ಲ. ಸವೆದ ಭಾಗಗಳನ್ನು ಬದಲಿಸಿ ಎಣ್ಣೆ ಹಾಕುವುದು, ಮಗ್ಗದ ಅಡಿಗೆ ರಬ್ಬರಿನ ಮೆತ್ತೆ ಇಡುವುದು ಮೊದಲ ಕ್ರಮಗಳು. ಕಿವಿಗೆ ಹತ್ತಿ ತುರುಕಿದರೆ ಸಾಲದು. ಅದಕ್ಕೆಂದೇ ಮಾಡಿದ ಕಿವಿರಕ್ಷೆಗಳು ಬೇಕು. ಸದ್ದಿಲ್ಲದ ಸ್ಥಳದಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಚಹ ಕುಡಿಯುವಷ್ಟು ಬಿಡುವು ಕಿವಿಗೂ ವಿಶ್ರಾಂತಿ, ಮನಸ್ಸಿಗೂ ಆಸರೆ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ದುಡಿಯುವವರಿಗೆ ಧೈರ್ಯ ಹೇಳಿದರೆ ಸಾಲದು, ದುಡಿಮೆಯ ಪರಿಸ್ಥಿತಿಯನ್ನೇ ಸುಧಾರಿಸಬೇಕೆಂದು ಸೂಚಿಸುತ್ತದೆ.

ಬೇಸರವು ವಾರಗಟ್ಟಲೆ ಕವಿದಿದ್ದರೆ ವೈದ್ಯರ ಸಲಹೆ ಅಗತ್ಯ. ಈ ಸೀಮೆಯವರಿಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯು ಸಮೀಪದಲ್ಲಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಮಗ್ಗದಿಂದೆದ್ದು ಮನೆಗೆ ಬಂದ ತಂದೆಯೋ ತಾಯಿಯೋ ಸಿಡುಕಿದರೆ, ಅದನ್ನು ಸ್ವಭಾವದೋಷವೆಂದು ಎಣಿಸುವ ಮುನ್ನ ಅವರು ಆ ದಿನ ಎಷ್ಟು ಡೆಸಿಬೆಲ್‌ಗಳ ನಡುವೆ ದುಡಿದರೆಂಬುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.