ತನ್ನ ಕೋರ್ಟಿಗೆ ತಾನೇ ಬೀಗ ಹಾಕಿದ ನ್ಯಾಯಮೂರ್ತಿ

1829ರ ಏಪ್ರಿಲ್‌ನಲ್ಲಿ ಮುಂಬೈಯ ಸುಪ್ರೀಂ ಕೋರ್ಟಿನ ಪೀಠದಲ್ಲಿದ್ದವನು ಒಬ್ಬನೇ ನ್ಯಾಯಮೂರ್ತಿ, ಸರ್ ಜಾನ್ ಪೀಟರ್ ಗ್ರಾಂಟ್. ಇನ್ನು ಮುಂದೆ ಈ ಕೋರ್ಟು ಕೆಲಸ ಮಾಡುವುದಿಲ್ಲ ಎಂದು ಸಾರಿ ಅವನು ಎದ್ದುಹೋದ. ತನ್ನ ಆದೇಶಕ್ಕೆ ಸರ್ಕಾರ ಮರ್ಯಾದೆ ಕೊಡುವ ತನಕ ಸಿವಿಲ್ ದಾವೆಯಿಲ್ಲ, ಕ್ರಿಮಿನಲ್ ವಿಚಾರಣೆಯಿಲ್ಲ, ಉಯಿಲಿನ ಅರ್ಜಿಯೂ ಇಲ್ಲ. ವಕೀಲರಿಗೆ ಕೆಲಸ ತಪ್ಪಿತು, ವರ್ತಕರಿಗೆ ಬಾಕಿ ವಸೂಲಿಯ ದಾರಿ ಮುಚ್ಚಿತು. ಸರ್ಕಾರಗಳು ಕೋರ್ಟಿನ ಬಾಗಿಲು ಮುಚ್ಚಿಸಿದ್ದನ್ನು ಕೇಳಿದ್ದೇವೆ. ನ್ಯಾಯಮೂರ್ತಿಯೇ ಸರ್ಕಾರದ ವಿರುದ್ಧ ಮುಷ್ಕರ ಹೂಡಿದ್ದು ಅಪರೂಪವೇ ಸರಿ.

ಜಗಳದ ಬೇರು ಆಳುವವರ ಮನೆಯೊಳಗೇ ಇತ್ತು. ಆಗ ಮುಂಬೈಯಲ್ಲಿ ಇಬ್ಬರು ಯಜಮಾನರು. ಆಡಳಿತ ಈಸ್ಟ್ ಇಂಡಿಯಾ ಕಂಪನಿಯದು; ಸುಪ್ರೀಂ ಕೋರ್ಟು ಮಾತ್ರ ಇಂಗ್ಲೆಂಡಿನ ರಾಜನದು. ರಾಜನ 1823ರ ಸನ್ನದಿನಂತೆ ಹುಟ್ಟಿ ಮರುವರ್ಷ ಕೆಲಸ ಶುರುಮಾಡಿದ ಈ ಕೋರ್ಟಿನ ಮೂವರು ನ್ಯಾಯಮೂರ್ತಿಗಳು ಲಂಡನ್ನಿನಿಂದ ನೇಮಕವಾಗಿ ಬರುತ್ತಿದ್ದರು, ಕಂಪನಿಯ ಗವರ್ನರನಿಗೆ ತಲೆಬಾಗುವ ಹಂಗು ಅವರಿಗಿರಲಿಲ್ಲ. ಕೋರ್ಟಿನ ಅಧಿಕಾರ ಮುಂಬೈ ದ್ವೀಪದ ಮೇಲೆ ಪೂರ್ತಿ. ಅದರಾಚೆ ಬ್ರಿಟಿಷ್ ಪ್ರಜೆಗಳ ಮೇಲೆ ಮಾತ್ರ ಎಂಬುದು ಕಂಪನಿಯ ವಾದ. ಆದರೆ 1818ರಲ್ಲಿ ಪೇಶ್ವೆಯ ಪತನವಾದ ಮೇಲೆ ಪುಣೆಯಷ್ಟೇ ಅಲ್ಲ, ನಮ್ಮ ಧಾರವಾಡ–ಬಾಗಲಕೋಟೆಯ ಸೀಮೆಯೂ ಕಂಪನಿಯ ಕೈಸೇರಿತ್ತು. ಅಲ್ಲಿನ ಅದಾಲತ್ತುಗಳಲ್ಲಿ ನ್ಯಾಯಾಧೀಶನೂ ಕಂಪನಿಯ ನೌಕರನೇ. ಹಾಗಾದರೆ ಅಂಥ ಊರಿನಲ್ಲಿ ಯಾರನ್ನಾದರೂ ಅನ್ಯಾಯವಾಗಿ ಕೂಡಿಹಾಕಿದರೆ ಮುಂಬೈ ಕೋರ್ಟು ಕೇಳಬಹುದೇ, ಕೇಳಬಾರದೇ?

ಈ ಪ್ರಶ್ನೆಯನ್ನು ಎಬ್ಬಿಸಿದವನು ಪುಣೆಯ ಹುಡುಗ ಮೋರೋ ರಘುನಾಥ. ವಯಸ್ಸು ಹದಿನಾಲ್ಕರ ಆಸುಪಾಸು. ಅವನನ್ನು ತನ್ನ ವಶದಲ್ಲಿಟ್ಟುಕೊಂಡಿದ್ದವನು ಪಾಂಡುರಂಗ ರಾಮಚಂದ್ರ, ಅಜ್ಜನ ವರಸೆಯ ಬಂಧು, ಪೇಶ್ವೆ ಕಾಲದ ದೊಡ್ಡ ಸರದಾರ. ಹುಡುಗನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಬಂಧಿಸಿಟ್ಟಿದ್ದಾರೆ ಎಂದು ಅವನ ಕಡೆಯವರು ಮುಂಬೈಗೆ ಬಂದು ದೂರಿದರು. ಕೋರ್ಟು ಹೇಬಿಯಸ್ ಕಾರ್ಪಸ್ ರಿಟ್ ಹೊರಡಿಸಿತು: ಹುಡುಗನನ್ನು ತಂದು ನಿಲ್ಲಿಸಿ, ಯಾವ ಹಕ್ಕಿನಿಂದ ಇಟ್ಟುಕೊಂಡಿದ್ದೀರಿ ಹೇಳಿ. ಇದೇ ಹೊತ್ತಿಗೆ ಠಾಣೆ ಪಟ್ಟಣದ ಜೈಲಿನಲ್ಲಿದ್ದ ಇನ್ನೊಬ್ಬ ಕೈದಿಯ ಬಗ್ಗೆಯೂ ಜೈಲರನಿಗೆ ಅಂಥದೇ ರಿಟ್ ಹೋಯಿತು.

ಗವರ್ನರ್ ಸರ್ ಜಾನ್ ಮಾಲ್ಕಂ ಕೆರಳಿದ. ಇವನು ಕನ್ನಡಿಗರಿಗೆ ಪರಕೀಯನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆಗೆಂದು ನೇಮಿಸಿದ ಕಮಿಷನ್ನಿಗೆ ಥಾಮಸ್ ಮನ್ರೋ ಜೊತೆ ಕಾರ್ಯದರ್ಶಿಯಾಗಿದ್ದವನು. ಬಾಲಕ ಮುಮ್ಮಡಿ ಕೃಷ್ಣರಾಜರು ಪಟ್ಟಕ್ಕೆ ಬಂದದ್ದು ಆ ವ್ಯವಸ್ಥೆಯಲ್ಲೇ. ಸೋತ ರಾಜ್ಯದ ಗಣ್ಯರ ಮಾನ ಕಾಯ್ದರೆ ಅರ್ಧ ಆಡಳಿತ ತಾನಾಗಿ ನಡೆಯುತ್ತದೆ ಎಂಬುದು ಮನ್ರೋ, ಮಾಲ್ಕಂ, ಮುಂಬೈಯ ಹಿಂದಿನ ಗವರ್ನರ್ ಎಲ್ಫಿನ್‌ಸ್ಟನ್ ಈ ಮೂವರೂ ನಂಬಿದ್ದ ರಾಜನೀತಿ. ದಖ್ಖನ್ನಿನ ಸರದಾರರಿಗೆ ಸಾಮಾನ್ಯ ಕೋರ್ಟುಗಳ ಕಿರುಕುಳ ತಟ್ಟದೆಂದು ಕಂಪನಿ ಮಾತು ಕೊಟ್ಟಿತ್ತು. ಅಂಥವನೊಬ್ಬನನ್ನು ಕೋರ್ಟಿನ ಜವಾನ ಮುಂಬೈಗೆ ಎಳೆದುತಂದರೆ ದಖ್ಖನ್ನಿನಲ್ಲಿ ಸರ್ಕಾರದ ಮುಖಕ್ಕೆ ಏನು ಬೆಲೆ?

1828ರ ಅಕ್ಟೋಬರ್ 3ರಂದು ಮಾಲ್ಕಂ ಮತ್ತು ಅವನ ಕೌನ್ಸಿಲ್ ನ್ಯಾಯಮೂರ್ತಿಗಳಿಗೇ ನೇರ ಪತ್ರ ಬರೆದರು. ಇಂಥ ರಿಟ್‌ಗಳಿಗೆ ಉತ್ತರ ಕೊಡಲು ನಾವು ಬಿಡುವುದಿಲ್ಲ, ದಯವಿಟ್ಟು ಹೊರಡಿಸಬೇಡಿ ಎಂಬುದು ಅದರ ಸಾರ. ವಾದಕ್ಕಿರುವ ಪ್ರಕರಣದ ಬಗ್ಗೆ ಗವರ್ನರನೊಬ್ಬ ನ್ಯಾಯಮೂರ್ತಿಗಳಿಗೆ ಹೀಗೆ ಬರೆಯುವುದು ಅಂದಿಗೂ ಅತಿರೇಕವೇ. ಮುಖ್ಯ ನ್ಯಾಯಮೂರ್ತಿ ಎಡ್ವರ್ಡ್ ವೆಸ್ಟ್ ಆಗಸ್ಟ್‌ನಲ್ಲಷ್ಟೇ ತೀರಿಕೊಂಡಿದ್ದ. (ರಿಕಾರ್ಡೋಗೆ ಸರಿಸಾಟಿಯಾಗಿ ಗೇಣಿಯ ಸಿದ್ಧಾಂತವನ್ನು 1815ರಲ್ಲೇ ಬರೆದ ಅರ್ಥಶಾಸ್ತ್ರಜ್ಞ ವೆಸ್ಟ್ ಇವನೇ.) ಉಳಿದ ಇಬ್ಬರಲ್ಲಿ ಹಿರಿಯ, ಸರ್ ಚಾರ್ಲ್ಸ್ ಚೇಂಬರ್ಸ್, ತೆರೆದ ಕೋರ್ಟಿನಲ್ಲೇ ಪತ್ರಕ್ಕೆ ಉತ್ತರ ಕೊಟ್ಟ: ಈ ಗೋಡೆಗಳೊಳಗೆ ದೇವರು ಮತ್ತು ರಾಜನನ್ನು ಬಿಟ್ಟರೆ ನಮ್ಮ ಮೇಲೆ ಯಾರೂ ಇಲ್ಲ; ಇಲ್ಲಿ ಕಂಪನಿಗೂ ಕಡುಬಡವ ಕಕ್ಷಿದಾರನಿಗೂ ಸಿಗುವ ಮರ್ಯಾದೆ ಒಂದೇ. ಇಷ್ಟು ಹೇಳಿದ ಚೇಂಬರ್ಸ್ ಅಕ್ಟೋಬರ್ 13ರಂದು ಸತ್ತ. ಮೂವರ ಪೀಠದಲ್ಲಿ ಗ್ರಾಂಟ್ ಒಬ್ಬನೇ ಉಳಿದ.

ಗ್ರಾಂಟ್‌ನ ಹಿನ್ನೆಲೆ ಸ್ವಾರಸ್ಯದ್ದು. ಸ್ಕಾಟ್ಲೆಂಡಿನ ರಾಥಿಮರ್ಕಸ್ ಎಸ್ಟೇಟಿನ ಒಡೆಯ, ಮೈತುಂಬ ಸಾಲ. ಸಂಸದನಾಗಿದ್ದಷ್ಟು ದಿನ ಸಾಲಕ್ಕಾಗಿ ಅವನನ್ನು ಬಂಧಿಸುವಂತಿರಲಿಲ್ಲ, ಕಾನೂನೇ ರಕ್ಷಣೆ ಕೊಟ್ಟಿತ್ತು. 1826ರಲ್ಲಿ ಸಂಸತ್ತಿನ ಸ್ಥಾನ ಹೋಯಿತು, ರಕ್ಷಣೆಯೂ ಹೋಯಿತು. ಮುಂಬೈಯ ನ್ಯಾಯಮೂರ್ತಿ ಹುದ್ದೆ ಅವನ ಪಾಲಿಗೆ ಆಸರೆಯಾಗಿ ಬಂದದ್ದು ಆಗ. ಈ ಕುಟುಂಬದ ಕಷ್ಟಸುಖವನ್ನು ಅವನ ಮಗಳು ಎಲಿಜಬೆತ್ ತನ್ನ ನೆನಪುಗಳ ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಹುದ್ದೆಯ ಮರೆಯಲ್ಲಿ ವರ್ಷಗಟ್ಟಲೆ ಬಂಧನ ತಪ್ಪಿಸಿಕೊಂಡ ಇದೇ ಮನುಷ್ಯ, ಪುಣೆಯ ಸರದಾರನಿಗೆ ಮಾತ್ರ ಅಂಥ ಯಾವ ವಿನಾಯಿತಿಯೂ ಸಲ್ಲದು ಎಂದು ಹಟ ಹಿಡಿದ!

ರಿಟ್ ಮತ್ತೆ ಹೋಯಿತು, ಈ ಸಲ ಹತ್ತು ಸಾವಿರ ರೂಪಾಯಿ ದಂಡದ ಎಚ್ಚರಿಕೆಯೊಂದಿಗೆ. ಪಾಂಡುರಂಗ ಬರಲಿಲ್ಲ. ಅವನನ್ನು ಹಿಡಿದು ತರಲು ನೆರವು ಕೊಡಿ ಎಂದರೆ ಸರ್ಕಾರ ಒಲ್ಲೆನೆಂದಿತು. ಕೋರ್ಟಿನ ಬಳಿ ಕಾಗದವಿತ್ತು, ಮೊಹರಿತ್ತು. ಸಿಪಾಯಿಗಳು ಗವರ್ನರನ ಬಳಿ ಇದ್ದರು. ಆಗಲೇ ಗ್ರಾಂಟ್ ಕೋರ್ಟಿನ ಬಾಗಿಲು ಮುಚ್ಚಿದ್ದು. ನನ್ನ ಮಟ್ಟಿಗೆ ಇದು ಅವನ ದೊಡ್ಡ ತಪ್ಪು. ಪೆಟ್ಟು ಬಿದ್ದದ್ದು ಮಾಲ್ಕಂಗೂ ಅಲ್ಲ, ಪಾಂಡುರಂಗನಿಗೂ ಅಲ್ಲ, ಈ ಜಗಳದ ಗೊಡವೆಯೇ ಇಲ್ಲದ ಮುಂಬೈಯ ಕಕ್ಷಿದಾರರಿಗೆ. ಕೆಲವು ವಾರಗಳ ನಂತರ ಅವನೇ ಬಾಗಿಲು ತೆರೆದ.

ಅತ್ತ ಲಂಡನ್ನಿಗೆ ಎರಡೂ ಕಡೆಯ ದೂರು ತಲುಪಿತ್ತು. ಖಾಲಿಯಿದ್ದ ಎರಡು ಸ್ಥಾನಗಳನ್ನು ತುಂಬಬೇಕಿತ್ತು. ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಲಾರ್ಡ್ ಎಲೆನ್‌ಬರೋ (ಮುಂದೆ ಗವರ್ನರ್ ಜನರಲ್ ಆಗಿ ಬಂದವನು) ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿದ್ದು ಜೇಮ್ಸ್ ಡ್ಯೂವರ್‌ನನ್ನು. ಡ್ಯೂವರ್ ಯಾರು? ಇದೇ ಜಗಳದಲ್ಲಿ ಮಾಲ್ಕಂಗೆ ಕಾನೂನು ಸಲಹೆ ಕೊಡುತ್ತಿದ್ದ, ಮುಂಬೈ ಸರ್ಕಾರದ ಅಡ್ವೊಕೇಟ್ ಜನರಲ್! ಜೊತೆಗೆ ಲಂಡನ್ನಿನಿಂದ ವಿಲಿಯಂ ಸೇಮರ್ ಎಂಬ ಇನ್ನೊಬ್ಬ. 1829ರ ಫೆಬ್ರವರಿಯ ಖಾಸಗಿ ಪತ್ರದಲ್ಲಿ ಎಲೆನ್‌ಬರೋ ಮಾಲ್ಕಂಗೆ ಸಮಾಧಾನ ಹೇಳಿದ್ದ: ಇನ್ನು ಗ್ರಾಂಟ್‌ನ ಪಾಡು ಎರಡು ಪಳಗಿದ ಆನೆಗಳ ನಡುವೆ ಸಿಕ್ಕಿದ ಕಾಡಾನೆಯದು.

ಹೋಲಿಕೆ ಕರಾರುವಾಕ್ಕಾಗಿತ್ತು. ಕಾಕನಕೋಟೆಯ ಖೆಡ್ಡಾ ಕಂಡವರಿಗೆ, ಇಂದು ಸಕ್ರೆಬೈಲು–ದುಬಾರೆಯ ಕುಮ್ಕಿ ಆನೆಗಳನ್ನು ಬಲ್ಲವರಿಗೆ ವಿವರಣೆಯೇ ಬೇಡ. ಎಡಬಲದಲ್ಲಿ ಎರಡು ಕುಮ್ಕಿಗಳು ಒತ್ತಿ ನಿಂತರೆ ನಡುವಿನ ಸಲಗ ಎಷ್ಟೇ ಘೀಳಿಟ್ಟರೂ ಹೆಜ್ಜೆ ಅವುಗಳ ದಾರಿಯಲ್ಲೇ. ಆದರೆ ಗುಟ್ಟಿನ ಕಾಗದ ಗುಟ್ಟಾಗಿ ಉಳಿಯಲಿಲ್ಲ. ಅದರ ನಕಲು ಪತ್ರಿಕೆಗಳ ಕೈಗೆ ಸಿಕ್ಕಿ ಅಚ್ಚಾಯಿತು. ರಾಜನ ನ್ಯಾಯಮೂರ್ತಿಗಳನ್ನು ಮಂತ್ರಿಯೇ ಸಾಕಾನೆಗಳೆಂದು ಕರೆದದ್ದು ಲಂಡನ್ನಿನವರೆಗೂ ಗದ್ದಲವೆಬ್ಬಿಸಿತು. ಗ್ರಾಂಟ್‌ನನ್ನು ಹಂಗಿಸಲು ಬರೆದ ಮಾತು, ಓದಿದವರಿಗೆ ಹೆಚ್ಚಾಗಿ ಕಂಡದ್ದು ಪಕ್ಕದ ಇಬ್ಬರಿಗೆ ಮಾಡಿದ ಅವಮಾನವಾಗಿ. ಪಾಪ ಡ್ಯೂವರ್, ಆ ಬಿರುದು ಹೊತ್ತೇ 1830ರಲ್ಲಿ ತೀರಿಕೊಂಡ.

ಮೂಲ ಪ್ರಶ್ನೆಗೆ ಉತ್ತರ ಲಂಡನ್ನಿನ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್‌ನಿಂದ ಬಂತು, 1829ರ ಮೇನಲ್ಲಿ. ಗ್ರಾಂಟ್ ಸೋತ. ಮುಂಬೈಯ ಮಿತಿಯೊಳಗೆ ವಾಸಿಸುವವರಿಗೆ, ಇಲ್ಲವೇ ಹೊರಗಿದ್ದರೂ ವೈಯಕ್ತಿಕವಾಗಿ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟವರಿಗೆ ಮಾತ್ರ ರಿಟ್ ಕಳಿಸಬಹುದು. ಕಂಪನಿಯ ಅದಾಲತ್ತಿನ ಜೈಲರನನ್ನು ಕೇಳುವ ಹಕ್ಕು ಇಲ್ಲ. ಸನ್ನದಿನ ಅಕ್ಷರ ಹಿಡಿದರೆ ತೀರ್ಪು ಸರಿಯೇ. ಅದರ ಫಲ ನೋಡಿ: ಮುಂಬೈಯ ದ್ವೀಪದಲ್ಲಿ ಬಂಧಿತನಾದವನಿಗೆ ಒಂದು ಬಾಗಿಲಿತ್ತು, ಕೊಲ್ಲಿಯಾಚೆಯ ಠಾಣೆಯಲ್ಲಿ ಬಂಧಿತನಾದವನಿಗೆ ಇರಲಿಲ್ಲ. ಧಾರವಾಡದವನ ಮಾತಂತೂ ದೂರವೇ ಉಳಿಯಿತು. ಹೈಕೋರ್ಟುಗಳಿಗೆ ರಿಟ್ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿ ಬಂದ ಮೇಲೆ ಇಂಥ ಗಡಿ ಅಳಿಸಿಹೋಗಿದೆ. ಇಂದು ಬಾಗಲಕೋಟೆಯಲ್ಲಿ ಯಾರನ್ನಾದರೂ ಅಕ್ರಮವಾಗಿ ಕೂಡಿಟ್ಟರೆ ಧಾರವಾಡದ ಹೈಕೋರ್ಟ್ ಪೀಠಕ್ಕೆ ಒಂದು ಅರ್ಜಿ ಸಾಕು. ಗ್ರಾಂಟ್ ಸನ್ನದಿನಲ್ಲಿ ಇಲ್ಲದ್ದನ್ನು ಓದಿದ ಎಂಬುದು ನಿಜ. ಅಲ್ಲಿ ಇರಬೇಕಾಗಿದ್ದದ್ದನ್ನೇ ಓದಿದ ಎಂಬುದೂ ಅಷ್ಟೇ ನಿಜ.

ಗ್ರಾಂಟ್ 1830ರಲ್ಲಿ ಮುಂಬೈ ಬಿಟ್ಟ. ಕಲ್ಕತ್ತೆಗೆ ಹೋಗಿ ಕರಿ ಕೋಟು ಹಾಕಿಕೊಂಡು ವಕೀಲಿ ಶುರುಮಾಡಿದ. 1833ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲೇ ಮತ್ತೆ ನ್ಯಾಯಮೂರ್ತಿಯಾದ! 1848ರಲ್ಲಿ ಊರಿಗೆ ಮರಳುವಾಗ ಹಡಗಿನಲ್ಲೇ ಸತ್ತ. ಅವನದೇ ಹೆಸರಿನ ಮಗ ಕಂಪನಿಯ ನೌಕರಿ ಹಿಡಿದಿದ್ದ. ವಿಧವಾ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡುವ ಮಸೂದೆಯನ್ನು 1855ರಲ್ಲಿ ಶಾಸನ ಸಭೆಯ ಮುಂದಿಟ್ಟ ಜೆ. ಪಿ. ಗ್ರಾಂಟ್ ಆ ಮಗನೇ. ನಾಲ್ಕು ವರ್ಷದ ನಂತರ ಅವನು ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆದ.